ಅರವತ್ತೆಂಟು ವರ್ಷದ ಕನ್ನಡಕ

ಮಸ್ಕಿ, ನವೆಂಬರ್ 1991

ಅಂಚೆ ಅಧೀಕ್ಷಕರ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಿಮ್ಮ ಇಲಾಖೆಯ ಚೀಲದಲ್ಲಿ ಬಂದು, ನಿಮ್ಮ ಇಲಾಖೆಯ ಮೊಹರು ಹೊತ್ತು, ನಿಮ್ಮ ಖಾಕಿ ತೊಟ್ಟ ಮನುಷ್ಯನ ಕೈಯಿಂದಲೇ ಮನೆ ಬಾಗಿಲಿಗೆ ತಲುಪಿದ ಒಂದು ಕನ್ನಡಕ ನಮ್ಮೂರಿನ ಹೆಂಗಸೊಬ್ಬಳ ಕೆಲಸ ಕಳೆದಿದೆ. ಈಗ ಆಕೆಯ ಮಾಸಾಶನವನ್ನೂ ಕಳೆಯಲು ಹೊರಟಿದೆ. ಇದಕ್ಕೆ ಹೊಣೆ ಯಾರು ಎಂದು ಹೋದ ತಿಂಗಳು ನಿಮಗೆ ಬರೆದು ಕೇಳಿದೆ. ‘ವಿ.ಪಿ. ಪಾರ್ಸೆಲ್ಲಿನ ಒಳಗಿನ ವಸ್ತುವಿಗೆ ಇಲಾಖೆ ಹೊಣೆಯಲ್ಲ’ ಎಂದು ಒಂದೇ ಸಾಲಿನ ಉತ್ತರ ಬಂತು. ಆ ಒಂದು ಸಾಲು ಬರೆಯಲು ನಿಮ್ಮ ಕಚೇರಿಗೆ ಇಪ್ಪತ್ತೆಂಟು ದಿನ ಹಿಡಿದಿದೆ. ಅಷ್ಟು ಕಷ್ಟಪಟ್ಟು ಬರೆದ ಸಾಲನ್ನು ನಾನೊಬ್ಬನೇ ಓದಿದರೆ ಅನ್ಯಾಯವಾದೀತೆಂದು ಪತ್ರಿಕೆಯ ಮೂಲಕ ನಾಲ್ಕು ಜನರ ಮುಂದೆ ಇಡುತ್ತಿದ್ದೇನೆ.

ನಾನು ಯಾರು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮಸ್ಕಿಯ ಅಂಚೆ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಒಂದು ಮೇಜು ಹಾಕಿಕೊಂಡು ಇಪ್ಪತ್ತಾರು ವರ್ಷಗಳಿಂದ ಜನರ ಅರ್ಜಿ, ಮನಿಯಾರ್ಡರು, ಕ್ಷೇಮ ಸಮಾಚಾರ ಬರೆದುಕೊಡುತ್ತಿದ್ದೇನೆ. ನಿಮ್ಮ ಇಲಾಖೆಯ ಸಂಬಳ ತೆಗೆದುಕೊಳ್ಳದೆ ನಿಮ್ಮ ಇಲಾಖೆಗೆ ದುಡಿದವನು ಎಂದರೂ ತಪ್ಪಿಲ್ಲ. ‘ಪೋಸ್ಟಿನ್ಯಾಗ ಹಾಕಿದ್ರ ಮುಟ್ಟತೈತೇನ್ರೀ?’ ಎಂದು ಕೇಳಿದವರಿಗೆಲ್ಲ ‘ಮುಟ್ಟದ ಎಲ್ಲಿ ಹೋಗತೈತಿ, ಸರಕಾರದ ಚೀಲ ಅದು’ ಎಂದು ನಿಮ್ಮ ಪರವಾಗಿ ಜಾಮೀನು ನಿಂತವನು ನಾನು.

ಇನ್ನು ಆ ಹೆಂಗಸು. ಆಕೆಯನ್ನು ಗಾಳೆಮ್ಮ ಎಂದು ಕರೆಯುತ್ತೇನೆ. ಅದು ಆಕೆಯ ನಿಜವಾದ ಹೆಸರಲ್ಲ. ನಿಜವಾದ ಹೆಸರನ್ನು ಯಾಕೆ ಮುಚ್ಚಿಡುತ್ತಿದ್ದೀಯ ಎಂದು ನೀವು ಕೇಳಬಹುದು. ನಿಮ್ಮಿಂದಲೇ ಕಲಿತದ್ದು ಸ್ವಾಮಿ. ಅದರ ಮಾತು ಮುಂದೆ ಬರುತ್ತದೆ. ಈಗ ಇಷ್ಟು ಸಾಕು: ಗಾಳೆಮ್ಮ ಗಂಡ ತೀರಿಕೊಂಡ ಕೂಲಿಯವಳು. ಹತ್ತಿ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಮಾಡುವುದರಲ್ಲಿ ಆಕೆಯನ್ನು ಮೀರಿಸುವವರು ನಮ್ಮ ಸುತ್ತಿನಲ್ಲಿ ಇರಲಿಲ್ಲ. ಕುರ್ಚಿಯ ಮೇಲೆ ಕುಳಿತವರಿಗೆ ಆ ಕೆಲಸ ಗೊತ್ತಿರಲಿಕ್ಕಿಲ್ಲ. ಸಂಜೆಯ ಹೊತ್ತು ಹತ್ತಿಯ ಮೊಗ್ಗನ್ನು ಹಿಡಿದು, ಸಿಪ್ಪೆ ಬಿಡಿಸಿ, ಒಳಗಿನ ಗಂಡು ಕೇಸರಗಳನ್ನು ಒಂದೂ ಉಳಿಯದಂತೆ ಉಗುರಿನಲ್ಲಿ ತೆಗೆಯಬೇಕು. ನಡುವಿನ ಹೆಣ್ಣು ಕೇಸರಕ್ಕೆ ಉಗುರು ತಾಗಕೂಡದು. ಮರುದಿನ ಬೆಳಿಗ್ಗೆ ಬೇರೆ ಜಾತಿಯ ಗಂಡು ಹೂ ತಂದು ಅದಕ್ಕೆ ಮುಟ್ಟಿಸಬೇಕು. ಒಂದು ಕೇಸರ ಉಳಿದರೂ ಆ ಕಾಯಿ ಹಾಳು. ಇದೆಲ್ಲ ಕಣ್ಣಿನ ಮೇಲೆ ನಿಂತ ಕೂಲಿ. ಗಾಳೆಮ್ಮನ ಕಣ್ಣಿಗೆ ಚಾಳೀಸು ಬಂದು, ಮೊಗ್ಗಿನೊಳಗಿನದು ಮಂಜಾಗತೊಡಗಿತು. ಆಕೆ ನನ್ನ ಮೇಜಿಗೆ ಬಂದದ್ದು ಅದಕ್ಕೇ.

ಸಿಂಧನೂರಿನ ಕನ್ನಡಕದಂಗಡಿಗೆ ಮೊದಲೇ ಹೋಗಿ ಬಂದಿದ್ದಳು. ಕಾಲುವೆ ನೀರು, ಭತ್ತದ ಗದ್ದೆ, ರೈಸ್ ಮಿಲ್ಲು ಬಂದ ಮೇಲೆ ಸಿಂಧನೂರಿನ ಅಂಗಡಿಗಳು ಗಿರಾಕಿಯ ಚಪ್ಪಲಿ ನೋಡಿ ಬೆಲೆ ಹೇಳುತ್ತವೋ ಏನೋ ಗೊತ್ತಿಲ್ಲ. ಬರಿಗಾಲಿನ ಇವಳಿಗೂ ನೂರ ಅರವತ್ತು ಎಂದರಂತೆ. ಅದೇ ವಾರ ನನ್ನ ಮೇಜಿನ ಮೇಲಿದ್ದ ವಾರಪತ್ರಿಕೆಯಲ್ಲಿ ಒಂದು ಜಾಹೀರಾತು ಇತ್ತು. ಕನ್ನಡಕ ಹಾಕಿಕೊಂಡ ಮುದುಕನೊಬ್ಬ ಪೇಪರು ಓದುತ್ತ ನಗುತ್ತಿದ್ದ. ‘ಕಣ್ಣಿನ ಪರೀಕ್ಷೆಯ ಖರ್ಚೇಕೆ? ವಯಸ್ಸು ತಿಳಿಸಿ, ಕನ್ನಡಕ ಪಡೆಯಿರಿ! ಹಣ ಈಗ ಬೇಡ! ಸರ್ಕಾರಿ ಅಂಚೆಯ ಮೂಲಕ ನಿಮ್ಮ ಬಾಗಿಲಿಗೇ! ಹೊಂದದಿದ್ದರೆ ಹದಿನೈದು ದಿನದಲ್ಲಿ ಹಣ ವಾಪಸು!’ ಬೆಲೆ ಐವತ್ತೈದು. ಕೆಳಗೆ ಕತ್ತರಿಸುವ ಕೂಪನ್ನು. ಅದರಲ್ಲಿ ಹೆಸರು, ವಿಳಾಸ, ವಯಸ್ಸು, ಇಷ್ಟೇ. ಕಂಪನಿಯ ವಿಳಾಸದ ಜಾಗದಲ್ಲಿ ಬೀದಿ ಇಲ್ಲ, ಮನೆ ನಂಬರಿಲ್ಲ. ಒಂದು ಅಂಚೆ ಪೆಟ್ಟಿಗೆಯ ಸಂಖ್ಯೆ, ಒಂದು ದೂರದ ಪಟ್ಟಣದ ಹೆಸರು. ಇದನ್ನು ಗಟ್ಟಿಯಾಗಿ ಓದಿ ಹೇಳಿದವನು ನಾನೇ. ಕತ್ತರಿ ತೆಗೆದವನೂ ನಾನೇ.

ವಯಸ್ಸಿನ ಕಾಲಂ ಹತ್ತಿರ ನನ್ನ ಲೇಖನಿ ನಿಂತಿತು. ಮೂರು ವರ್ಷದ ಹಿಂದೆ ಗಾಳೆಮ್ಮನಿಗೆ ವೃದ್ಧಾಪ್ಯದ ಮಾಸಾಶನದ ಅರ್ಜಿ ಬರೆದುಕೊಟ್ಟವನು ನಾನು. ಆಗ ಆಕೆಯ ವಯಸ್ಸು ಎಷ್ಟು ಎಂದು ಕೇಳಿದ್ದಕ್ಕೆ, ರಜಾಕಾರರ ಗದ್ದಲದಾಗ ಕುರಿಮರಿ ಕಾಯಾಕ ಹೋಗ್ತಿದ್ದೆ ಎಂದಿದ್ದಳು. ಅದು 1948ರ ಸುದ್ದಿ, ಲೆಕ್ಕ ಹಾಕಿದರೆ ಐವತ್ತಕ್ಕೆ ಒಂದೋ ಎರಡೋ ಕಡಿಮೆ. ಅರ್ಜಿಗೆ ಅರವತ್ತೈದು ಬೇಕಿತ್ತು. ನಾನು ಅರವತ್ತೈದು ಬರೆದೆ. ಬಿಸಿಲಿಗೆ ಬೆಂದ ಅವಳ ಮುಖ ನೋಡಿದ ಡಾಕ್ಟರು ವಯಸ್ಸಿನ ದಾಖಲೆ ಕೇಳದೆ ಸಹಿ ಹಾಕಿದರು. ಹೌದು, ಸುಳ್ಳು. ಬರೆದವನು ನಾನು, ಶಿಕ್ಷೆ ಏನಿದ್ದರೂ ನನಗೆ. ಆಕೆಯ ನಿಜವಾದ ಹೆಸರು ಇಲ್ಲಿ ಯಾಕಿಲ್ಲ ಎಂಬುದು ಈಗ ನಿಮಗೆ ತಿಳಿಯಿತು.

ಕನ್ನಡಕಕ್ಕಾದರೂ ನಿಜವಾದ ವಯಸ್ಸು ಬರೆಯೋಣ ಎಂದರೆ ಗಾಳೆಮ್ಮ ಮೇಜಿನ ಮೇಲೆ ಕೈ ಅಡ್ಡ ಇಟ್ಟಳು.

“ಯಣ್ಣಾ, ಕಾಗದದಾಗ ಇದ್ದ ವಯಸ್ಸ ಬರಿ. ಬ್ಯಾರೆ ಬರದ್ರ ನನ್ನ ಪಗಾರ ನಿಲ್ಲತೈತಿ.”

“ಇದು ಚಸ್ಮಾದ ಕಂಪನಿ, ಗಾಳೆಮ್ಮ. ಪಗಾರಿನದಲ್ಲ. ವಯಸ್ಸಿಗೆ ತಕ್ಕ ಗಾಜ ಹಾಕ್ತೀವಂತ ಬರದಾರ.”

“ಹೋಗೂದು ಯಾವ ಟಪಾಲಿನ್ಯಾಗ? ಜಿಲಾನಿಸಾಬನ ಚೀಲದಾಗ ಹೌದಲ್ಲ? ಪಗಾರ ತರೂದೂ ಅದ ಚೀಲ. ಒಂದ ಚೀಲದಾಗ ಎರಡು ವಯಸ್ಸ ಇದ್ರ ಸರಕಾರಕ್ಕ ಗೊತ್ತಾಗಂಗಿಲ್ಲೇನು?”

ಜಿಲಾನಿಸಾಬ್ ನಮ್ಮ ಪೋಸ್ಟ್‌ಮ್ಯಾನ್. ಆಕೆ ಪಗಾರ ಎನ್ನುವ ತಿಂಗಳ ಮಾಸಾಶನದ ಮನಿಯಾರ್ಡರನ್ನು ಆಕೆಯ ಕೈಗಿಡುವವನು ಅವನೇ. ಅವಳ ಈ ತರ್ಕಕ್ಕೆ ನಿಮ್ಮ ಬಳಿ ಉತ್ತರವಿದೆಯೇ? ನಿಮ್ಮ ಚೀಲವನ್ನು ಆಕೆ ಎಷ್ಟು ನಂಬಿದ್ದಳೆಂದರೆ, ಅದಕ್ಕೆ ಕಣ್ಣಿದೆ, ನೆನಪಿದೆ, ಒಳಗಿನ ಕಾಗದ ಕಾಗದಕ್ಕೆ ತಾಳೆ ನೋಡುವ ಬುದ್ಧಿ ಇದೆ ಎಂದು ತಿಳಿದಿದ್ದಳು. ನಾನು ಕೂಪನ್ನಿನಲ್ಲಿ ಅರವತ್ತೆಂಟು ಎಂದು ಬರೆದು ಅಂಟು ಹಚ್ಚಿದೆ.

ಸೆಪ್ಟೆಂಬರಿನ ಮೊದಲ ವಾರ ವಿ.ಪಿ. ಪಾರ್ಸೆಲ್ ಬಂತು, ಹಣ ಕೊಟ್ಟು ಬಿಡಿಸಿಕೊಳ್ಳುವಂಥದು. ಬಿಳಿ ಬಟ್ಟೆಯಲ್ಲಿ ಹೊಲಿದ ಪುಟ್ಟ ಡಬ್ಬಿ, ಮೇಲೆ ಅರಗಿನ ಮುದ್ರೆ. ಜಿಲಾನಿಸಾಬ್ ನನ್ನ ಮೇಜಿನ ಹತ್ತಿರವೇ ಆಕೆಯನ್ನು ಕರೆಸಿ, “ಮೊದಲ ರೊಕ್ಕ ಕೊಡಬೇಕ ಯವ್ವಾ, ಆಮ್ಯಾಲ ಪಾರ್ಸಲ್. ಬಿಚ್ಚಿ ನೋಡಿ ಕೊಡ್ತೀನಿ ಅಂದ್ರ ನಡ್ಯಂಗಿಲ್ಲ. ಇದು ನಾ ಮಾಡಿದ ಕಾಯ್ದೆ ಅಲ್ಲ” ಎಂದ.

“ನೀ ತಂದೀ ಅಂದಮ್ಯಾಲ ನೋಡೂದ ಏನೈತಿ ಸಾಬ? ತಗೋ” ಎಂದು ಸೆರಗಿನ ಗಂಟು ಬಿಚ್ಚಿದಳು.

ಮಾನ್ಯರೇ, ನಮ್ಮ ಮಸ್ಕಿ ಸಂತೆಗೆ ಒಮ್ಮೆ ಬಂದು ನೋಡಿ. ಮಡಕೆ ಕೊಳ್ಳುವವರು ಬೆರಳಿನಿಂದ ಬಾರಿಸಿ ಸದ್ದು ಕೇಳುತ್ತಾರೆ. ಎತ್ತು ಕೊಳ್ಳುವವರು ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ. ಒಂದು ಪಾವು ಬದನೆಕಾಯಿಗೂ ಹುಳುಕು ಇದೆಯೇ ಎಂದು ತಿರುವಿ ತಿರುವಿ ನೋಡುವ ಜನ ನಾವು. ಗುರುತಿನ ವ್ಯಾಪಾರಿಯಾದರೂ ಸರಿ, ಕಣ್ಣಿಗೆ ಬೀಳದ ಸಾಮಾನಿಗೆ ಕಾಸು ಬಿಚ್ಚುವುದಿಲ್ಲ. ಅಂಥವರು ಹೊಲಿದು ಮುದ್ರೆ ಹಾಕಿದ ಡಬ್ಬಿಗೆ, ಮುಖ ಕಾಣದ ಕಂಪನಿಗೆ, ನಾಲ್ಕು ದಿನದ ಕೂಲಿ ತೆತ್ತದ್ದು ಯಾಕೆ? ಆ ಕಂಪನಿಯ ಮೇಲಿನ ಪ್ರೀತಿಗೇ? ಆ ನಗುವ ಮುದುಕನ ಚಂದಕ್ಕೇ? ಇಲ್ಲ ಸ್ವಾಮಿ. ಕಂಪನಿಯನ್ನು ನಾವು ನಂಬಲೇ ಇಲ್ಲ, ಅದು ಯಾರೆಂದೇ ನಮಗೆ ಗೊತ್ತಿಲ್ಲ. ನಾವು ನಂಬಿದ್ದು ನಿಮ್ಮನ್ನು. ಮದುವೆಯ ಕಾಗದ, ಸಾವಿನ ತಂತಿ, ಮಗಳ ಹೆರಿಗೆಯ ಸುದ್ದಿ ತಂದ ಕೈಯೇ ಇದನ್ನೂ ತಂದಿತು ಎಂದು ನಂಬಿದೆವು. ಒಳಗಿನ ವಸ್ತುವಿಗೆ ಹೊಣೆಯಲ್ಲ ಎಂದು ಒಂದು ಸಾಲಿನಲ್ಲಿ ಕೈ ತೊಳೆದುಕೊಂಡಿರಲ್ಲ, ಹಾಗಾದರೆ ಒಳಗಿನ ವಸ್ತುವಿನ ಹಣಕ್ಕೆ ಮಾತ್ರ ಹೇಗೆ ಹೊಣೆಯಾದಿರಿ? ವಸೂಲಿ ಮಾಡಿ, ಕಮಿಷನ್ ಹಿಡಿದು, ಒಂದು ಪೈಸೆ ತಪ್ಪದೆ ಅವನಿಗೆ ತಲುಪಿಸಿದಿರಿ. ಅವನು ಮೋಸಗಾರನಾದರೆ ಅವನ ವಸೂಲಿಗಾರ ಏನಾಗುತ್ತಾನೆ?

ಕನ್ನಡಕ ಹಾಕಿಕೊಂಡ ಮೊದಲ ದಿನವೇ ಗಾಳೆಮ್ಮ ತಲೆ ಹಿಡಿದುಕೊಂಡು ಬಂದಳು. ನೆಲ ಏರಿಳಿಯುತ್ತದೆ, ಒಂದು ಮೊಗ್ಗು ಎರಡಾಗುತ್ತದೆ ಎಂದಳು. ನಾನು ಪಂಡಿತನಂತೆ, “ಹೊಸಾ ಚಸ್ಮಾ, ವಾರದಾಗ ರೂಢಿ ಆಗತೈತಿ, ತೆಗೀಬ್ಯಾಡ” ಎಂದೆ. ನನ್ನ ಮಾತು ಕೇಳಿ ಐದು ದಿನ ಅದನ್ನೇ ಹಾಕಿಕೊಂಡು ಮುದಗಲ್ ರಸ್ತೆಯ ಪ್ಲಾಟಿನಲ್ಲಿ ದುಡಿದಳು. ಆರನೆಯ ದಿನ ಬೀಜದ ಕಂಪನಿಯವರು ಬಂದು ಸಾಲು ಸಾಲು ಪರೀಕ್ಷೆ ಮಾಡಿದರು. ಗಾಳೆಮ್ಮನ ಸಾಲಿನಲ್ಲಿ ಹತ್ತಕ್ಕೆ ನಾಲ್ಕು ಮೊಗ್ಗಿನಲ್ಲಿ ಗಂಡು ಕೇಸರ ಹಾಗೇ ಉಳಿದಿತ್ತು. ಹೆಣ್ಣಾಳುಗಳ ಗುಂಪಿಗೆ ಮುಂದಾಳು ಆದಮ್ಮ. ಗಾಳೆಮ್ಮನ ಓರಗೆಯವಳು, ಕೂಡಿ ಬೆಳೆದವಳು. ಅವಳೇ ಹೇಳಬೇಕಾಯಿತು.

“ನನ್ನ ಮ್ಯಾಗ ಸಿಟ್ಟಾಗಬ್ಯಾಡಬೇ. ಬೀಜ ಫೇಲ್ ಆದ್ರ ಇಪ್ಪತ್ತ ಮಂದಿ ಕೂಲಿ ಹೋಗತೈತಿ. ಕಣ್ಣ ಸರಿ ಆದಮ್ಯಾಲ ಬಾ.”

ಕ್ರಾಸಿಂಗ್ ನಡೆಯುವುದೇ ವರ್ಷಕ್ಕೆ ಒಂದೂವರೆ ಎರಡು ತಿಂಗಳು. ಕಣ್ಣು ಸರಿಯಾಗುವ ತನಕ ಹತ್ತಿ ಗಿಡ ಮೊಗ್ಗು ಹಿಡಿದುಕೊಂಡು ನಿಲ್ಲುವುದಿಲ್ಲ. ಈ ವರ್ಷದ ಹಂಗಾಮು ಅಲ್ಲಿಗೆ ಮುಗಿಯಿತು.

ಆಗ ನಮಗಿಬ್ಬರಿಗೂ ಒಂದೇ ವಿಚಾರ ಹೊಳೆಯಿತು: ವಯಸ್ಸು ಸುಳ್ಳು ಬರೆದದ್ದಕ್ಕೆ ಅರವತ್ತೆಂಟರ ಗಾಜು ಬಂದಿದೆ, ಇನ್ನೂ ಐವತ್ತೊಂದರ ಕಣ್ಣಿಗೆ ಅದು ಹೊಂದುವುದಾದರೂ ಹೇಗೆ? ತಪ್ಪು ನಮ್ಮದೇ. ‘ಬರಹದ ದೋಷದಿಂದ ವಯಸ್ಸು ಹೆಚ್ಚಾಗಿ ನಮೂದಾಗಿದೆ, ದಯವಿಟ್ಟು ಐವತ್ತೊಂದಕ್ಕೆ ಬದಲಿಸಿಕೊಡಿ’ ಎಂದು ಕ್ಷಮೆ ಕೇಳಿ ಹನ್ನೆರಡನೆಯ ದಿನ ಕನ್ನಡಕವನ್ನು ರಿಜಿಸ್ಟರ್ ಮಾಡಿ ವಾಪಸು ಕಳುಹಿಸಿದೆ. ಮೋಸ ಮಾಡಿದವನಿಗೆ ಮೋಸಹೋದವರು ಕ್ಷಮೆ ಕೇಳಿದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮ ಮಸ್ಕಿಯಲ್ಲಿ ಅದೂ ನಡೆಯಿತು. ಮೂರು ವಾರಕ್ಕೆ ಪಾರ್ಸೆಲ್ ಹೋದ ಹಾಗೇ ತಿರುಗಿ ಬಂತು. ಮೇಲೆ ಕೆಂಪು ಶಾಯಿಯಲ್ಲಿ ‘ಬಾಡಿಗೆದಾರರು ಅಂಚೆ ಪೆಟ್ಟಿಗೆಯನ್ನು ಬಿಟ್ಟಿದ್ದಾರೆ’ ಎಂದು ಬರೆದಿತ್ತು.

ಆ ಕೆಂಪು ಶಾಯಿ ಗಾಳೆಮ್ಮನ ಕಣ್ಣಿಗೆ ಕೋರ್ಟಿನ ತೀರ್ಪಿನಂತೆ ಕಂಡಿತು. ಎರಡು ವಯಸ್ಸುಗಳು ಒಂದೇ ಚೀಲದಲ್ಲಿ ಸಿಕ್ಕಿಬಿದ್ದಿವೆ, ಸರ್ಕಾರಕ್ಕೆ ಗೊತ್ತಾಗಿದೆ ಎಂದು ಖಾತ್ರಿ ಮಾಡಿಕೊಂಡಳು. ಅಕ್ಟೋಬರಿನಲ್ಲಿ ಜಿಲಾನಿಸಾಬ್ ಮಾಸಾಶನದ ಮನಿಯಾರ್ಡರು ಹಿಡಿದು ಹೋದಾಗ ಆಕೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳಂತೆ.

“ಒಯ್ಯಿ ಸಾಬ, ನನಗ ಬ್ಯಾಡ. ಸುಳ್ಳ ವಯಸ್ಸಿನ ರೊಕ್ಕ ತಿಂದದ್ದಕ್ಕ ಕಣ್ಣಿಗಿ ಬಂತು. ಇನ್ನೂ ತಿಂದ್ರ ಏನಕ್ಕ ಬರತೈತೋ.”

“ಹುಚ್ಚಿ ಏನಬೇ ನೀನು? ಚಸ್ಮಾಕ್ಕೂ ಪಗಾರಕ್ಕೂ ಏನ ಸಂಬಂಧ? ಬಾ, ಹೆಬ್ಬಟ್ಟ ಒತ್ತು.”

ಒತ್ತಲಿಲ್ಲ. ಹಣ ಹಿಂದಕ್ಕೆ ಹೋಯಿತು. ಈ ತಿಂಗಳೂ ಜಿಲಾನಿಸಾಬ್ ಎಷ್ಟು ದಿನ ಇಟ್ಟುಕೊಳ್ಳಬಹುದೋ ಅಷ್ಟೂ ದಿನ ಮನಿಯಾರ್ಡರನ್ನು ಚೀಲದಲ್ಲಿಟ್ಟುಕೊಂಡು, ದಿನಾ ಆಕೆಯ ಬಾಗಿಲಿಗೆ ಹೋಗಿ, ಕೊನೆಗೆ ‘ಬೇಡವೆಂದರು’ ಎಂದು ಬರೆದು ತಿರುಗಿ ಕಳುಹಿಸಿದ. “ಇನ್ನೊಂದ ಸಲ ವಾಪಸ್ ಹೋದ್ರ ಹೆಸರ ಕಡದ ಬಿಡ್ತಾರ ಅಮರಗುಂಡಣ್ಣ. ಎಷ್ಟೋ ಮಂದೀದು ನೋಡೀನಿ” ಎಂದು ನನ್ನ ಮೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತ. ನಿಮ್ಮ ಖಾಕಿ ತೊಟ್ಟವನಿಗೆ ನಿಮ್ಮಷ್ಟು ನಿಶ್ಚಿಂತೆ ಇಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ತಪ್ಪು ನನ್ನದೆಂದು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ. ಆದರೆ ನಡುವೆ ಒಂದು ದಿನ ಬಸ್‌ ನಿಲ್ದಾಣದ ಬಳಿಯ ಗಡಿಯಾರ ರಿಪೇರಿಯ ಉಸ್ಮಾನ್‌ಸಾಬ್ ನನ್ನ ಮೇಜಿನ ಮೇಲಿದ್ದ ಗಾಳೆಮ್ಮನ ಕನ್ನಡಕವನ್ನು ಎತ್ತಿ ನೋಡಿದವನು, ನೇರ ಅಂಗಡಿಗೆ ಹೋಗಿ ತನ್ನದನ್ನು ತಂದ. ಅವನೂ ಅದೇ ಕೂಪನ್ನು ಕಳಿಸಿದ್ದನಂತೆ, ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಅವನ ವಯಸ್ಸು ನಲವತ್ತೆರಡು, ಶಾಲೆಯ ದಾಖಲೆಯ ವಯಸ್ಸು, ಅದರಲ್ಲಿ ನನ್ನ ಕೈವಾಡವಿಲ್ಲ. ಗಡಿಯಾರ ನೋಡುವ ಕಪ್ಪು ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಎರಡನ್ನೂ ಜೋಡಿಸಿ ಹಿಡಿದ.

“ಎರಡೂ ಒಂದ ಅಚ್ಚಿನ್ಯಾಗ ಎರದಾರ ನೋಡು. ಎಡಗಾಜಿನ ಅಂಚಿನ್ಯಾಗ ಗುಳ್ಳಿ ಸೈತ ಅದ ಜಾಗಾದಾಗ ಐತಿ.”

ಅವನಿಗೆ ನಲವತ್ತೆರಡು, ಆಕೆಗೆ ಅರವತ್ತೆಂಟು, ಕನ್ನಡಕ ಒಂದೇ! ಮರುವಾರ ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಗಾಳೆಮ್ಮನನ್ನು ಕರೆದುಕೊಂಡು ಲಿಂಗಸುಗೂರಿನಲ್ಲಿ ನಡೆದ ಕಣ್ಣಿನ ಶಿಬಿರಕ್ಕೆ ಹೋದೆ. ಅಲ್ಲಿ ಪರೀಕ್ಷೆ ಪುಕ್ಕಟೆ. ಮೊದಲೇ ಅಲ್ಲಿಗೆ ಹೋಗಬೇಕಿತ್ತು ಎಂಬ ಬುದ್ಧಿ ಈಗ ನನಗೂ ಬಂದಿದೆ. ಕಣ್ಣು ತೋರಿಸದೆ ಕನ್ನಡಕ ಕೊಳ್ಳುವುದು ಕಾಲು ಅಳೆಯದೆ ಚಪ್ಪಲಿ ಹೊಲಿಸಿದಂತೆ. ಡಾಕ್ಟರು ಚೀಟಿ ಬರೆದುಕೊಟ್ಟು, ಈ ಚೀಟಿ ತೋರಿಸಿ ಸಾದಾ ಚೌಕಟ್ಟಿಗೆ ಗಾಜು ಹಾಕಿಸಿದರೆ ಎಪ್ಪತ್ತರ ಒಳಗೆ ಮುಗಿಯುತ್ತದೆ ಎಂದರು. ಆಮೇಲೆ ನಮ್ಮ ಪಾರ್ಸೆಲ್ ಕನ್ನಡಕವನ್ನು ಯಂತ್ರಕ್ಕೆ ಹಿಡಿದು ನೋಡಿ ನಕ್ಕುಬಿಟ್ಟರು. ಒಂದು ಗಾಜಿಗೂ ಇನ್ನೊಂದಕ್ಕೂ ತಾಳೆಯೇ ಇಲ್ಲವಂತೆ. ಇದು ಹೊಂದುವ ಕಣ್ಣು ಎಲ್ಲಿದೆಯೋ ಹುಡುಕಬೇಕು ಎಂದರು.

ಅಂದರೆ ವಯಸ್ಸಿನ ಕಾಲಮ್ಮನ್ನು ಯಾರೂ ಓದಿರಲೇ ಇಲ್ಲ. ಅರವತ್ತೆಂಟು ಬರೆದಿದ್ದರೂ, ಐವತ್ತೊಂದು ಬರೆದಿದ್ದರೂ, ಆರು ತಿಂಗಳು ಬರೆದಿದ್ದರೂ ಬರುತ್ತಿದ್ದದ್ದು ಆ ಗುಳ್ಳೆಯ ಗಾಜೇ. ಬಸ್ಸಿನಲ್ಲಿ ವಾಪಸು ಬರುತ್ತ ಇದನ್ನೆಲ್ಲ ಗಾಳೆಮ್ಮನಿಗೆ ಬಿಡಿಸಿ ಹೇಳಿದೆ. ತಪ್ಪು ನಿನ್ನದಲ್ಲ, ಮಾಸಾಶನ ತೆಗೆದುಕೋ ಎಂದೆ. ಆಕೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ.

“ಬರದಾವ ನೀನು, ಓದಿ ಹೇಳಿದಾವ ನೀನು, ರೂಢಿ ಆಗತೈತಿ ಅಂದಾವನೂ ನೀನ. ಇನ್ನ ನಿನ್ನ ಮಾತ ಹೆಂಗ ನಂಬಲಿ ಯಣ್ಣಾ? ಟಪಾಲಿನ ದೊಡ್ಡ ಸಾಹೇಬ ಬರದ ಕೊಡ್ಲಿ, ನಂಬತೀನಿ.”

ಇಪ್ಪತ್ತಾರು ವರ್ಷದ ನನ್ನ ಮೇಜು ಅವತ್ತು ಮುರಿದು ಬಿತ್ತು ಸ್ವಾಮಿ. ಆದರೆ ಗಮನಿಸಿ, ಇಷ್ಟಾದರೂ ಆಕೆ ನಿಮ್ಮನ್ನು ಇನ್ನೂ ನಂಬುತ್ತಾಳೆ. ನನ್ನನ್ನು ಬಿಟ್ಟಳು, ನಿಮ್ಮನ್ನು ಬಿಟ್ಟಿಲ್ಲ.

ಅವತ್ತೇ ನಿಮಗೆ ಪತ್ರ ಬರೆದೆ. ಇಂಥ ಸಂಖ್ಯೆಯ ಪೆಟ್ಟಿಗೆಯನ್ನು ಬಾಡಿಗೆಗೆ ಪಡೆದವನ ಹೆಸರು, ಮನೆ ವಿಳಾಸ ಕೊಡಿ ಎಂದೆ. ನಿಮ್ಮ ಆ ಒಂದು ಸಾಲಿನಲ್ಲಿ ಇದರ ಸುದ್ದಿಯೇ ಇರಲಿಲ್ಲ. ನಮ್ಮ ಕೌಂಟರಿನಲ್ಲಿ ಕೇಳಿದರೆ, “ಪೆಟ್ಟಿಗಿ ಯಾರದಂತ ಹೇಳಾಕ ಬರಂಗಿಲ್ರೀ, ರೂಲ್ಸ್ ಇಲ್ಲ” ಎಂದರು. ಬಾಡಿಗೆ ಕಟ್ಟಿಸಿಕೊಳ್ಳುವಾಗ ಅವನ ಹೆಸರು ನಿಮಗೆ ಗೊತ್ತಿತ್ತು, ನಮ್ಮ ಹಣ ಮುಟ್ಟಿಸುವಾಗ ಗೊತ್ತಿತ್ತು, ನಾವು ಕೇಳಿದಾಗ ಮಾತ್ರ ಅದು ರಹಸ್ಯ. ಗಾಳೆಮ್ಮನ ಹೆಸರು ಮುಚ್ಚಿಡುವುದನ್ನು ನಿಮ್ಮಿಂದ ಕಲಿತೆ ಎಂದೆನಲ್ಲ, ಇದೇ ಆ ಪಾಠ. ಬೇಕಾದರೆ ನಿಮ್ಮ ದಾಖಲೆ ತೆಗೆದು ಆಕೆ ಯಾರೆಂದು ನೀವು ಕಂಡುಹಿಡಿಯಬಹುದು, ಕಷ್ಟವಿಲ್ಲ. ಆದರೆ ಮೊದಲು ಪೆಟ್ಟಿಗೆಯವನನ್ನು ಹುಡುಕಿ, ಆಮೇಲೆ ಕೂಲಿಯವಳನ್ನು ಹುಡುಕಿ. ಪೆಟ್ಟಿಗೆಯವನು ದೂರ ಹೋಗಿಲ್ಲ. ಹೋದ ವಾರದ ಪತ್ರಿಕೆಯಲ್ಲಿ ಹೊಸ ಕಂಪನಿಯ ಹೆಸರಿನಲ್ಲಿ, ಹೊಸ ಪೆಟ್ಟಿಗೆಯ ಸಂಖ್ಯೆಯಲ್ಲಿ, ಅದೇ ಮುದುಕ ಅದೇ ಪೇಪರು ಹಿಡಿದು ನಗುತ್ತಿದ್ದಾನೆ. ಮೊನ್ನೆ ಜವಳಗೇರಾದಿಂದ ಒಬ್ಬರು ಆ ಕೂಪನ್ನು ಹಿಡಿದು ನನ್ನ ಹತ್ತಿರ ಬಂದಿದ್ದರು. ಹರಿದು ಹಾಕಿದೆ. ಅವರು ಬೈದುಕೊಂಡು ಹೋಗಿ ಬೇರೆಯವರ ಹತ್ತಿರ ಬರೆಸಿದ್ದಾರಂತೆ.

ಆದ್ದರಿಂದ ಕೇಳುತ್ತಿದ್ದೇನೆ. ವಿ.ಪಿ. ಪಾರ್ಸೆಲ್ಲನ್ನು ಪೋಸ್ಟ್‌ಮ್ಯಾನಿನ ಎದುರೇ ಬಿಚ್ಚಿ, ನೋಡಿ, ಆಮೇಲೆ ಹಣ ಕೊಡುವ ನಿಯಮ ತನ್ನಿ. ನಿಮ್ಮಿಂದಾಗದ ಕೆಲಸವಾದರೆ ಆಗುವವರಿಗೆ ಬರೆಯಿರಿ. ಪೆಟ್ಟಿಗೆಯ ಹಿಂದೆ ಅಡಗಿ ಸಾಮಾನು ಮಾರುವವನ ಹೆಸರು, ಬೀದಿ, ಮನೆ ನಂಬರು ಕೇಳಿದ ಗಿರಾಕಿಗೆ ಸಿಗಬೇಕು. ಇವೆರಡಕ್ಕೂ ನೀವು ಇಪ್ಪತ್ತೆಂಟು ದಿನವಲ್ಲ, ಇಪ್ಪತ್ತೆಂಟು ತಿಂಗಳು ತೆಗೆದುಕೊಂಡರೂ ನಾವು ಕಾಯುತ್ತೇವೆ, ಕಾಯುವುದು ನಮಗೆ ಹೊಸದಲ್ಲ. ಆದರೆ ಮೂರನೆಯದೊಂದಿದೆ, ಅದು ಕಾಯುವುದಿಲ್ಲ. ಡಿಸೆಂಬರಿನ ಮೊದಲ ವಾರ ಜಿಲಾನಿಸಾಬ್ ಮತ್ತೆ ಆಕೆಯ ಬಾಗಿಲಿಗೆ ಹೋಗುತ್ತಾನೆ. ಅಷ್ಟರೊಳಗೆ ನಿಮ್ಮ ಕೈಬರಹದಲ್ಲಿ, ನಿಮ್ಮ ಸಹಿ ಮೊಹರಿನೊಂದಿಗೆ, ಆಕೆಗೆ ಒಂದು ಸಾಲು ಬೇಕು.

ಈ ಪತ್ರ ಅಚ್ಚಾಗುವ ಹೊತ್ತಿಗೆ ನಿಮ್ಮ ಕಚೇರಿಗೆ ಒಂದು ವಿ.ಪಿ. ಪಾರ್ಸೆಲ್ ಬಂದಿರುತ್ತದೆ. ಬಿಳಿ ಬಟ್ಟೆ, ಅರಗಿನ ಮುದ್ರೆ, ಐವತ್ತೈದು ರೂಪಾಯಿ. ಮೊದಲು ಹಣ ಕಟ್ಟಿ, ಆಮೇಲೆ ಬಿಚ್ಚಿ. ನಿಯಮ ನಿಮಗೂ ಒಂದೇ. ಕಳುಹಿಸಿದವನ ವಿಳಾಸ ಪೂರ್ತಿ ಬರೆದಿದ್ದೇನೆ, ಪೆಟ್ಟಿಗೆಯ ಸಂಖ್ಯೆ ಹಾಕಿಲ್ಲ. ಒಳಗೇನಿದೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ, ಆ ಕಂಪನಿಗಿಂತ ನಾನು ಅಷ್ಟರಮಟ್ಟಿಗೆ ಮೇಲು: ಗಾಳೆಮ್ಮನ ಕನ್ನಡಕ. ನೀವು ಕಟ್ಟುವ ಹಣಕ್ಕೆ ನಾನು ಹದಿನೈದು ಸೇರಿಸಿ, ಡಾಕ್ಟರ ಚೀಟಿಯ ಪ್ರಕಾರ ಆಕೆಗೆ ಗಾಜು ಹಾಕಿಸುತ್ತೇನೆ. ನೀವು ಆ ಪಾರ್ಸೆಲ್ ಕನ್ನಡಕವನ್ನು ಹಾಕಿಕೊಂಡು ಒಂದು ಕಾಗದ ತೆಗೆದುಕೊಳ್ಳಿ. ‘ತಪ್ಪು ನಿನ್ನದಲ್ಲ’ ಎಂದು ಬರೆಯಿರಿ. ಸಾಲು ಏರಿಳಿದರೂ, ಅಕ್ಷರ ಎರಡೆರಡಾಗಿ ಕಂಡರೂ ಚಿಂತೆಯಿಲ್ಲ. ಆಕೆಗೆ ಓದು ಬರುವುದಿಲ್ಲ. ನಾನು ಓದಿದರೆ ಆಕೆ ನಂಬುವುದಿಲ್ಲ. ಜಿಲಾನಿಸಾಬ್ ಓದಿ ಹೇಳುತ್ತಾನೆ.

ಇಂತಿ,
ಊರಿಗೆಲ್ಲ ಬರೆದುಕೊಟ್ಟು, ಒಬ್ಬಳ ನಂಬಿಕೆ ಕಳೆದುಕೊಂಡವನು,
ಅಮರಗುಂಡಪ್ಪ, ಅರ್ಜಿ ಬರೆಯುವವ,
ಅಂಚೆ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ, ಮಸ್ಕಿ